ಸಂಬಳದ ಮನೆಗೆ ಮೋಟಾರ್ ಸೈಕಲ್ಲು ಬಂದ ಬಗೆ

ಕಳೆದ ತಿಂಗಳು ನಮ್ಮ ಹಿರಿಯ ಮಗಳು ಚಾಲನಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಗೇರಿರುವ ಮೋಟಾರ್ ಸೈಕಲ್ಲಿನ ಲೈಸೆನ್ಸು ಪಡೆದಳು. ಆ ದಿನ ಮನೆಯಲ್ಲಿ ಪಾಯಸ, ಮರುದಿನದಿಂದ ವಾಗ್ವಾದ. ಅವಳ ಕಣ್ಣು 350 ಸಿ.ಸಿ.ಯ ಭಾರಿ ಗಾಡಿಯೊಂದರ ಮೇಲೆ. ಮೈಸೂರಿನಿಂದ ಬಂದು ನಮ್ಮೊಡನೆ ಪುಣೆಯಲ್ಲಿರುವ ತಂದೆಯವರಿಗೆ ಯೆಜ್ದಿಯ ಹೊರತು ಬೇರೆ ಗಾಡಿ ಗಾಡಿಯೇ ಅಲ್ಲ. ಮನೆಯಾಕೆಯದು ಒಂದೇ ಮಾತು: "ಯಾವುದಾದರೂ ಆಗಲಿ, ಸಾಲವಾಗಬಾರದು, ಕೈಕಾಲು ಮುರಿಯಬಾರದು."

ನಾವೋ ಕೇಂದ್ರ ಸರ್ಕಾರದ ಗುಮಾಸ್ತರು. ಹಳೆಯ ಕಡತ ತೆಗೆದು ನೋಡದೆ ಟಿಪ್ಪಣಿ ಬರೆಯುವ ಅಭ್ಯಾಸ ನಮಗಿಲ್ಲ. ಹೀಗಾಗಿ, ಯಾವ ಗಾಡಿ ಕೊಳ್ಳಬೇಕೆಂದು ತೀರ್ಮಾನಿಸುವ ಮೊದಲು, ನಮ್ಮಂಥ ಸಂಬಳದ ಮನೆಗಳಿಗೆ ಮೋಟಾರ್ ಸೈಕಲ್ಲು ಬಂದದ್ದಾದರೂ ಹೇಗೆ ಎಂಬುದನ್ನು ಮೊದಲಿನಿಂದ ಓದಲು ಕುಳಿತೆವು. ಮಕ್ಕಳು ಲೈಸೆನ್ಸಿನ ವಯಸ್ಸಿಗೆ ಬಂದಿರುವ ಇತರ ಮನೆಗಳಿಗೂ ಉಪಯೋಗವಾದೀತೆಂದು ಅದನ್ನು ಇಲ್ಲಿ ಒಪ್ಪಿಸುತ್ತಿದ್ದೇವೆ.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮೋಟಾರ್ ಸೈಕಲ್ಲು ಹೊರದೇಶದ ಸರಕು. ವಿದೇಶಿ ವಿನಿಮಯದ ಅಭಾವದಿಂದ ಆಮದಿನ ಮೇಲೆ ನಿರ್ಬಂಧ ಬಿದ್ದಾಗ, ಇಲ್ಲಿಯೇ ತಯಾರಿಸುವುದು ಅನಿವಾರ್ಯವಾಯಿತು. 1955ರಲ್ಲಿ ಇಂಗ್ಲೆಂಡಿನ ರಾಯಲ್ ಎನ್‌ಫೀಲ್ಡ್ ಮತ್ತು ಮದರಾಸು ಮೋಟಾರ್ಸ್ ಸೇರಿ ಎನ್‌ಫೀಲ್ಡ್ ಇಂಡಿಯಾ ಕಂಪನಿಯನ್ನು ಕಟ್ಟಿದವು. ಮದರಾಸಿನ ತಿರುವೊಟ್ಟಿಯೂರಿನಲ್ಲಿ 350 ಸಿ.ಸಿ.ಯ ಬುಲೆಟ್ ತಯಾರಾಗತೊಡಗಿತು. ಅದರ ಮುಖ್ಯ ಗಿರಾಕಿ ಸೈನ್ಯ, ಆಮೇಲೆ ಪೊಲೀಸು. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ, ಎಬ್ಬಿಸಬೇಕಾದರೆ ಅಮ್ಮೀಟರಿನ ಮುಳ್ಳು ನೋಡಿ ಒದೆಯುವ ವಿದ್ಯೆ ಬೇಕು. ಟಿಫಿನ್ ಡಬ್ಬಿ ಹಿಡಿದು ಆಫೀಸಿಗೆ ಹೋಗುವವನ ವಾಹನ ಅದಾಗಿರಲಿಲ್ಲ.

ಗುಮಾಸ್ತನ ಕನಸು ಸ್ಕೂಟರಾಗಿತ್ತು. 1960ರಲ್ಲಿ ಬಜಾಜ್ ಆಟೋ ಇಟಲಿಯ ಪಿಯಾಜಿಯೋ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು, ನಾವು ದಿನವೂ ಹಾದುಹೋಗುವ ಆಕುರ್ಡಿಯಲ್ಲಿ ವೆಸ್ಪಾ ತಯಾರಿಕೆಗೆ ಕೈಹಾಕಿತು. 1972ರಲ್ಲಿ ಅಲ್ಲಿಂದಲೇ ಚೇತಕ್ ಬಂತು. ಆದರೆ ವರ್ಷಕ್ಕೆ ಎಷ್ಟು ಗಾಡಿ ಮಾಡಬಹುದೆಂಬುದನ್ನು ಲೈಸೆನ್ಸು ನಿಗದಿ ಮಾಡುತ್ತಿದ್ದ ಕಾಲವದು. ಬೇಡಿಕೆ ಸಮುದ್ರದಷ್ಟು, ಪೂರೈಕೆ ಬಿಂದಿಗೆಯಷ್ಟು. ಠೇವಣಿ ಇಟ್ಟು ಹೆಸರು ಬರೆಸಿದವನು ಹತ್ತು ವರ್ಷದವರೆಗೆ ಕಾದದ್ದುಂಟು. ಡಾಲರು ಕಳಿಸುವ ನೆಂಟರಿದ್ದವರಿಗೆ ಬೇಗ ಸಿಗುತ್ತಿತ್ತು. ಮದುವೆ ನಿಶ್ಚಯವಾದಾಗ ಹೆಸರು ಬರೆಸಿದ ಸ್ಕೂಟರು ಮಗುವನ್ನು ಶಾಲೆಗೆ ಬಿಡುವ ಹೊತ್ತಿಗೆ ಬರುತ್ತದೆಂದು ಜನ ನಗುತ್ತಿದ್ದರು. ನಗುವಿನಲ್ಲಿ ಅರ್ಧ ಸಂಕಟವಿತ್ತು. ಆ ತಲೆಮಾರಿಗೆ "ಯಾವುದನ್ನು ಆರಿಸಬೇಕು?" ಎಂಬ ಪ್ರಶ್ನೆಯೇ ಇರಲಿಲ್ಲ. ಸಿಕ್ಕಿದ್ದೇ ಆಯ್ಕೆ.

ಈ ಬರಗಾಲದಲ್ಲಿ ನಮ್ಮ ಮೈಸೂರಿಗೆ ಒಂದು ಭಾಗ್ಯ ಬಂತು. ಮುಂಬಯಿಯ ಪಾರ್ಸಿ ಉದ್ಯಮಿಗಳಾದ ರುಸ್ತುಂ ಮತ್ತು ಫಾರೂಕ್ ಇರಾನಿಯವರು 1960ರಲ್ಲಿ ಐಡಿಯಲ್ ಜಾವಾ ಕಂಪನಿಯನ್ನು ಸ್ಥಾಪಿಸಿ, ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ತಂತ್ರಜ್ಞಾನದಿಂದ ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ 250 ಸಿ.ಸಿ.ಯ ಗಾಡಿಗಳನ್ನು ತಯಾರಿಸಿದರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರೇ ಕಾರ್ಖಾನೆಯನ್ನು ಉದ್ಘಾಟಿಸಿದರು. ಇತ್ತ ಉತ್ತರದಲ್ಲಿ 1962ರಿಂದ ಫರೀದಾಬಾದಿನ ಎಸ್ಕಾರ್ಟ್ಸ್ ಕಂಪನಿ ಪೋಲೆಂಡಿನ ಮಾದರಿಯ ರಾಜದೂತ್ ಗಾಡಿಯನ್ನು ಹೊರತಂದಿತು. ಹಳ್ಳಿಯ ಹಾಲಿನ ಕ್ಯಾನು ಹೊತ್ತು ಅದು ಹೆಸರು ಮಾಡಿತು. 1973ರಿಂದ ಮೈಸೂರಿನ ಗಾಡಿ ಯೆಜ್ದಿ ಎಂಬ ಹೆಸರು ಪಡೆಯಿತು. ಅದು ಇರಾನಿನ ಯಜ್ದ್ ನಗರದ ನೆನಪಿನ ಹೆಸರೆಂದು ಹೇಳುವುದುಂಟು.

ನಮ್ಮ ಬೀದಿಯಲ್ಲೇ ಇಬ್ಬರು ಆ ಕಾರ್ಖಾನೆಯ ನೌಕರರಿದ್ದರು. 1988ರಲ್ಲಿ ತಂದೆಯವರು ಅವರಲ್ಲೊಬ್ಬರ ಸಲಹೆಯಿಂದ ಹಳೆಯ ಯೆಜ್ದಿಯೊಂದನ್ನು ಕೊಂಡರು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು. ಒದೆಯುವ ಕಡ್ಡಿಯೇ ಮಡಿಸಿದರೆ ಗೇರಿನ ಕಡ್ಡಿ. ಗೇರಿನ ಕಡ್ಡಿಯನ್ನು ಒತ್ತಿದರೆ ಕ್ಲಚ್ಚು ತಾನಾಗಿ ಬಿಡುವ ವ್ಯವಸ್ಥೆ. ಕೆಟ್ಟರೆ ಮೈಸೂರಿನ ಯಾವ ಓಣಿಯಲ್ಲಾದರೂ ಅದನ್ನು ಬಿಚ್ಚಿ ಜೋಡಿಸುವ ಮೇಸ್ತ್ರಿ ಸಿಗುತ್ತಿದ್ದ. ತಂದೆಯವರ ಪಾಲಿಗೆ ಅದು ಅಗ್ಗದ ಗಾಡಿಯಾದದ್ದು ಕೊಂಡ ಬೆಲೆಯಿಂದಲ್ಲ, ಈ ಮೇಸ್ತ್ರಿಗಳಿಂದ. ಇದನ್ನು ನೆನಪಿಡಬೇಕೆಂದು ಓದುಗರಲ್ಲಿ ಪ್ರಾರ್ಥನೆ, ಮುಂದೆ ಬೇಕಾಗುತ್ತದೆ.

ಇನ್ನೂ ಕೆಳಗಿನ ಮೆಟ್ಟಿಲಲ್ಲಿ ಮೊಪೆಡ್ಡು ಬಂತು. 1972ರಲ್ಲಿ ಪುಣೆಯ ಕೈನೆಟಿಕ್ ಎಂಜಿನಿಯರಿಂಗ್ 50 ಸಿ.ಸಿ.ಯ ಲೂನಾವನ್ನೂ, 1980ರಲ್ಲಿ ಬೆಂಗಳೂರಿನ ಮಗ್ಗುಲಿನ ಹೊಸೂರಿನಿಂದ ಇಬ್ಬರು ಕೂರಬಹುದಾದ ಟಿ.ವಿ.ಎಸ್. 50 ಗಾಡಿಯನ್ನೂ ಜನ ಕಂಡರು. ಶಾಲೆಯ ಉಪಾಧ್ಯಾಯಿನಿ, ನರ್ಸು, ಅಂಚೆಯವ, ತರಕಾರಿ ಮಾರುವವ ಇವರಿಗೆಲ್ಲ ಎಂಜಿನ್ನಿನ ಮೊದಲ ಪಾಠ ಇವೇ ಕಲಿಸಿದವು. ಪುಣೆಯ ಹೆಣ್ಣುಮಕ್ಕಳು ಇಷ್ಟು ಸಲೀಸಾಗಿ ಗಾಡಿ ಓಡಿಸುವುದರ ಹಿಂದೆ ಲೂನಾದ ಪಾಲು ಸಣ್ಣದಲ್ಲ.

ಈ ನಡುವೆ 1973ರಲ್ಲಿ ಒಮ್ಮೆ, 1979ರಲ್ಲಿ ಇನ್ನೊಮ್ಮೆ ಜಗತ್ತಿನಲ್ಲಿ ತೈಲದ ಬೆಲೆ ಹಾರಿತು. ಗಾಡಿ ಕೊಳ್ಳುವವನ ಮೊದಲ ಪ್ರಶ್ನೆ "ಎಷ್ಟು ಓಡುತ್ತದೆ?" ಎಂಬುದಾಯಿತು. ಇದಕ್ಕೆ ಉತ್ತರ ಎಂಜಿನ್ನಿನ ಒಳಗಿದೆ. ಬಿ.ಎಸ್‌ಸಿ. ಓದಿದ ಹಕ್ಕಿನಿಂದ ಎರಡು ಮಾತು ಹೇಳುತ್ತೇವೆ.

ಯೆಜ್ದಿ, ರಾಜದೂತ್, ಲೂನಾ, ಆ ಕಾಲದ ಸ್ಕೂಟರು ಇವೆಲ್ಲ ಟೂ-ಸ್ಟ್ರೋಕ್ ಎಂಜಿನ್ನುಗಳು. ಇಲ್ಲಿ ಹೊಸ ಪೆಟ್ರೋಲು-ಗಾಳಿಯ ಮಿಶ್ರಣ ಒಳಬರುವ ದಾರಿಯೂ ಸುಟ್ಟ ಹೊಗೆ ಹೊರಹೋಗುವ ದಾರಿಯೂ ಸ್ವಲ್ಪ ಹೊತ್ತು ಒಟ್ಟಿಗೆ ತೆರೆದಿರುತ್ತವೆ. ಒಂದು ಬಾಗಿಲಿಂದ ಬಂದ ಅತಿಥಿಗಳಲ್ಲಿ ಕೆಲವರು ಊಟ ಮಾಡದೆ ಇನ್ನೊಂದು ಬಾಗಿಲಿಂದ ಹೊರಟುಹೋದಂತೆ, ಒಂದಷ್ಟು ಪೆಟ್ರೋಲು ಸುಡದೆಯೇ ಹೊಗೆಯೊಂದಿಗೆ ಹೋಗಿಬಿಡುತ್ತದೆ. ಜೊತೆಗೆ ಎಣ್ಣೆಯೂ ಸುಟ್ಟು ನೀಲಿ ಹೊಗೆ. ಫೋರ್-ಸ್ಟ್ರೋಕಿನಲ್ಲಾದರೋ ಬಾಗಿಲುಗಳಿಗೆ ವಾಲ್ವುಗಳೆಂಬ ಕಾವಲುಗಾರರಿದ್ದಾರೆ. ಜಿಗಿತ ಕಡಿಮೆಯಾದರೂ ಪೋಲು ಕಡಿಮೆ.

ಎಂಬತ್ತರ ದಶಕದ ಆರಂಭದಲ್ಲಿ ಸರ್ಕಾರ ವಿದೇಶಿ ಸಹಯೋಗಕ್ಕೆ ಬಾಗಿಲು ತೆರೆದಾಗ ಜಪಾನಿನ ನಾಲ್ಕು ಹೆಸರುಗಳು ನೂರು ಸಿ.ಸಿ.ಯ ಗಾಡಿಗಳೊಡನೆ ಸಾಲಾಗಿ ಬಂದವು. 1984ರಲ್ಲಿ ಹೊಸೂರಿನಿಂದ ಇಂಡ್-ಸುಜುಕಿ, 1985ರಲ್ಲಿ ಹರಿಯಾಣದ ಧಾರೂಹೇಡಾದಿಂದ ಹೀರೋ ಹೋಂಡಾ ಸಿ.ಡಿ. 100, ಅದೇ ವರ್ಷ ಎಸ್ಕಾರ್ಟ್ಸ್‌ನಿಂದ ಯಮಾಹಾ ಆರ್.ಎಕ್ಸ್. 100, 1986ರಲ್ಲಿ ಬಜಾಜಿನಿಂದ ಕಾವಾಸಾಕಿ. ನಾಲ್ಕರಲ್ಲಿ ಮೂರು ಟೂ-ಸ್ಟ್ರೋಕ್. ಹೀರೋ ಹೋಂಡಾ ಒಂದೇ ಫೋರ್-ಸ್ಟ್ರೋಕ್. ಕಾಲೇಜು ಹುಡುಗರು ಯಮಾಹಾದ ಓಟಕ್ಕೆ ಮರುಳಾದರು. ಲೀಟರಿಗೆ 80 ಕಿಲೋಮೀಟರೆಂಬ ಜಾಹೀರಾತು ಓದಿ ಸಂಬಳದಾರ ಹೀರೋ ಹೋಂಡಾದ ಕಡೆ ತಿರುಗಿದ. ಸೈಕಲ್ಲಿನ ನಂತರದ ಗಾಡಿ ಸ್ಕೂಟರು ಎಂಬ ರೂಢಿ ಮುರಿದು, ಮೋಟಾರ್ ಸೈಕಲ್ಲು ಸಾಮಾನ್ಯರ ಮನೆಯ ವಸ್ತುವಾದದ್ದು ಇಲ್ಲಿಂದ ಮುಂದೆ. 1994ರಲ್ಲಿ ಬಂದ ಸ್ಪ್ಲೆಂಡರ್ ಅದನ್ನು ಮನೆಮಾತು ಮಾಡಿತು.

ಈ ಗೆಲುವಿಗೆ ಒಂದು ಸೋಲೂ ಜೊತೆಗಿತ್ತು. ಹೊಗೆಯ ನಿಯಮಗಳು 1991ರಲ್ಲಿ ಮೊದಲ ಬಾರಿ ಬಂದು 1996 ಮತ್ತು 2000ದಲ್ಲಿ ಬಿಗಿಯಾದವು. ನೂರು ಸಿ.ಸಿ. ಗಾಡಿಗಳ ಪೈಪೋಟಿ ಒಂದು ಕಡೆ, ಕಾರ್ಖಾನೆಯೊಳಗಿನ ತೊಂದರೆಗಳು ಇನ್ನೊಂದು ಕಡೆ. 1996ರಲ್ಲಿ ಯಾದವಗಿರಿಯ ಕಾರ್ಖಾನೆ ಮುಚ್ಚಿತು. ಬೀದಿಯ ಆ ಇಬ್ಬರು ನೌಕರರಲ್ಲಿ ಒಬ್ಬರು ಸಣ್ಣ ರಿಪೇರಿ ಅಂಗಡಿ ಇಟ್ಟರು, ಇನ್ನೊಬ್ಬರು ಊರು ಬಿಟ್ಟರು. ತಂದೆಯವರು ಅಂದು ರಾತ್ರಿ ಊಟದ ಹೊತ್ತಿಗೆ ಒಂದು ಮಾತೂ ಆಡಲಿಲ್ಲ. ಮಾರನೆಯ ವರ್ಷ ಅವರು ನಮಗೆ ಓಡಿಸಲು ಕಲಿಸಿದ್ದು ಆ ಯೆಜ್ದಿಯ ಮೇಲೆಯೇ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ದಿ, ಎರಡು ಹೆಸರುಗಳೂ ಹೊಸ ಗಾಡಿಗಳ ಮೇಲೆ ಮರಳಿ ಬಂದದ್ದು ನಿಜ. ಮೈಸೂರಿಗೆ ಮಾತ್ರ ಕಾರ್ಖಾನೆ ಮರಳಲಿಲ್ಲ.

ನಮ್ಮ ಸ್ವಂತ ಸಂಪಾದನೆಯ ಮೊದಲ ಗಾಡಿಯ ಕಥೆ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಪುಣೆಯಲ್ಲಿ ಕೆಲಸಕ್ಕೆ ಸೇರಿದ ಹೊಸತು. ಕಡಿಮೆ ಬೆಲೆಗೆ ಸಿಕ್ಕಿತೆಂದು ಹಳೆಯ ಟೂ-ಸ್ಟ್ರೋಕ್ ಗಾಡಿಯೊಂದನ್ನು ಪರಿಚಯದ ವ್ಯಾಪಾರಿಯಿಂದ ಕೊಂಡೆವು. ಕಾಗದಪತ್ರ ಆಮೇಲೆ ಮಾಡಿಕೊಟ್ಟೇನೆಂದ, ನಂಬಿದೆವು. ದಿನವೂ ಅನ್ಯರ ಅರ್ಜಿಯಲ್ಲಿ ಸಹಿ ಬಿಟ್ಟುಹೋಗಿದೆಯೆಂದು ಹಿಂದಿರುಗಿಸುವ ನಾವು, ನಮ್ಮ ಗಾಡಿಯ ವರ್ಗಾವಣೆಯ 29 ಮತ್ತು 30ನೆಯ ನಮೂನೆಗಳಿಗೆ ಸಹಿ ಹಾಕಿಸಿಕೊಳ್ಳಲಿಲ್ಲ! ಮೊದಲ ಮಳೆಯಲ್ಲಿ ಬ್ರೇಕು ಹಿಡಿದು ಜಾರಿ ಬಿದ್ದು ಮಣಿಕಟ್ಟು ಮುರಿಯಿತು. ವಿಮೆಯನ್ನು ನೋಡಿದರೆ ಅದು ಹಿಂದಿನ ಮಾಲೀಕನ ಹೆಸರಿನಲ್ಲಿ, ಅದೂ ಅವಧಿ ಮುಗಿದದ್ದು. ಅಗ್ಗದ ಗಾಡಿ ನಮಗೆ ಎರಡು ತಿಂಗಳ ಸಂಬಳವನ್ನು ಕಲಿಸಿ ಹೋಯಿತು.

ಇಷ್ಟು ಕಡತ ತಿರುವಿದ ಮೇಲೆ ನಮಗೆ ತೋರಿದ್ದು ಇದು. ಅಜ್ಜನ ಕಾಲದಲ್ಲಿ ಪರವಾನಗಿ ಆರಿಸುತ್ತಿತ್ತು. ಆಮೇಲೆ ಪೆಟ್ರೋಲು ಆರಿಸಿತು. ಈಗ ಕಂತಿನ ಸಾಲ ಆರಿಸುತ್ತಿದೆ. ನಮ್ಮ ಇಲಾಖೆಗಳಲ್ಲಿ ಹಿಂದೆ ಮೋಟಾರ್ ಸೈಕಲ್ಲಿಗೆ ಮುಂಗಡ ಸಿಗುತ್ತಿತ್ತು. ಏಳನೆಯ ವೇತನ ಆಯೋಗದ ನಂತರ, 2016ರಲ್ಲಿ ಅದು ನಿಂತಿತು. ಕಂತು ಚಿಕ್ಕದೆಂದು ಗಾಡಿ ದೊಡ್ಡದಾಗುವ ಕಾಲವಿದು. ಹಾಗಾಗಿ ಆಯ್ಕೆ ನಮ್ಮದೇ ಆಗಬೇಕಾದರೆ ಲೆಕ್ಕವನ್ನು ನಾವೇ ಹಾಕಬೇಕು.

ಮಗಳನ್ನು ಕೂರಿಸಿಕೊಂಡು ಹಾಕಿದೆವು. ದಿನಕ್ಕೆ 20 ಕಿಲೋಮೀಟರಿನಂತೆ 25 ದಿನಕ್ಕೆ 500. ಲೀಟರಿಗೆ 60 ಓಡುವ ಗಾಡಿಗೆ ಎಂಟೂಕಾಲು ಲೀಟರು. 35 ಓಡುವ ಗಾಡಿಗೆ ಹದಿನಾಲ್ಕೂಕಾಲು. ವರ್ಷಕ್ಕೆ 72 ಲೀಟರಿನ ವ್ಯತ್ಯಾಸ. ಲೀಟರಿಗೆ ನೂರು ರೂಪಾಯಿಯಂತೆ ಹಿಡಿದರೂ ಏಳು ಸಾವಿರಕ್ಕೆ ಮೇಲೆ. ಅವಳ ಪುಸ್ತಕದ ಖರ್ಚು ಅದರಲ್ಲೇ ಹೋಗುತ್ತದೆ. ಎರಡನೆಯದು ತೂಕ. ನೂರು ಸಿ.ಸಿ.ಯ ಗಾಡಿ ಸುಮಾರು 110 ಕಿಲೋ. ಅವಳು ಬಯಸಿದ್ದು 190ರ ಹತ್ತಿರ. ಹೊಸ ಸವಾರರು ಗಾಡಿಯನ್ನು ಬೀಳಿಸಿಯೇ ಬೀಳಿಸುತ್ತಾರೆ, ಹೆಚ್ಚಾಗಿ ನಿಂತಲ್ಲೇ. ಬಿದ್ದದ್ದನ್ನು ಒಬ್ಬಳೇ ಎತ್ತಲಾಗುವುದೇ ಮೊದಲ ಗಾಡಿ. ಕುಳಿತಾಗ ಎರಡೂ ಅಂಗಾಲು ನೆಲಕ್ಕೆ ಊರಬೇಕು. ಮೂರನೆಯದು, ಮನೆಯಿಂದ ತಳ್ಳಿಕೊಂಡು ಹೋಗುವಷ್ಟು ಹತ್ತಿರದಲ್ಲಿ ಅದನ್ನು ಬಲ್ಲ ಮೇಸ್ತ್ರಿ ಇರಬೇಕು. ತಂದೆಯವರ ಯೆಜ್ದಿಯ ಪಾಠ ಇದೇ.

ನಾಲ್ಕನೆಯದಕ್ಕೆ ಇತಿಹಾಸ ನೇರವಾಗಿ ಸಹಾಯಕ್ಕೆ ಬಂತು. 2019ರ ಏಪ್ರಿಲ್‌ನಿಂದ, 125 ಸಿ.ಸಿ. ಮೀರಿದ ಹೊಸ ಗಾಡಿಗಳಿಗೆ ಬ್ರೇಕು ಹಿಡಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಎ.ಬಿ.ಎಸ್. ಕಡ್ಡಾಯವಾಯಿತು, ಅದಕ್ಕಿಂತ ಚಿಕ್ಕವಕ್ಕೆ ಕನಿಷ್ಠಪಕ್ಷ ಒಂದು ಬ್ರೇಕು ಒತ್ತಿದರೆ ಎರಡೂ ಚಕ್ರ ಹಿಡಿಯುವ ವ್ಯವಸ್ಥೆಯಾದರೂ ಇರಬೇಕೆಂದಾಯಿತು. 2020ರ ಏಪ್ರಿಲ್‌ನಿಂದ ಹೊಗೆಯ ನಿಯಮ ಇನ್ನೂ ಬಿಗಿಯಾಯಿತು. ಆದ್ದರಿಂದ ಹಳೆಯದನ್ನು ಕೊಳ್ಳುವುದಾದರೂ 2019ರ ಈಚಿನದನ್ನೇ ಕೊಳ್ಳಬೇಕು. ಬೆಲೆಯ ಪಟ್ಟಿಯಲ್ಲಿ ಐ.ಎಸ್.ಐ. ಮುದ್ರೆಯ ಎರಡು ಹೆಲ್ಮೆಟ್ಟುಗಳನ್ನು ಮೊದಲು ಬರೆದು, ಗಾಡಿಯನ್ನು ಆಮೇಲೆ ಬರೆಯಬೇಕು.

ಮಗಳು ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮೂರನೆಯ ದಿನ, ವರ್ಗವಾಗಿ ಹೊರಟಿದ್ದ ನಮ್ಮ ಸಹೋದ್ಯೋಗಿಯೊಬ್ಬರ 2020ರ ನೂರು ಸಿ.ಸಿ. ಗಾಡಿಯನ್ನು ತಾನೇ ಹೋಗಿ ನೋಡಿ ಬಂದು, "ಸದ್ಯಕ್ಕೆ ಇದು. ಕೆಲಸ ಸಿಕ್ಕ ಮೇಲೆ ನನ್ನ ದುಡ್ಡಿನಲ್ಲಿ ಅದು," ಎಂದಳು. ಒಪ್ಪಿದೆವು. 29 ಮತ್ತು 30ನೆಯ ನಮೂನೆಗಳಿಗೆ ಸಹಿಯಾಗದೆ ಒಂದು ರೂಪಾಯಿಯನ್ನೂ ಕೈಬಿಡಲಿಲ್ಲ.

ಗಾಡಿ ಮನೆಗೆ ಬಂದ ಸಂಜೆ ತಂದೆಯವರು ಅದರ ಸುತ್ತ ಒಂದು ಸುತ್ತು ಬಂದು, "ಸದ್ದೇ ಇಲ್ಲವಲ್ಲೋ ಇದಕ್ಕೆ!" ಎಂದು ಮೂಗೆಳೆದರು. ಮರುದಿನ ಬೆಳಿಗ್ಗೆ ನೋಡಿದರೆ ಹಳೆಯ ಬನಿಯನ್ನಿನ ಚೂರು ಹಿಡಿದು ಕುಕ್ಕರಗಾಲಲ್ಲಿ ಕುಳಿತು ಅದರ ಚೈನಿಗೆ ಎಣ್ಣೆ ಹಚ್ಚುತ್ತಿದ್ದರು. ಮೊಮ್ಮಗಳು ಪಕ್ಕದಲ್ಲಿ ಕುಳಿತು, ಚೈನು ಎಷ್ಟು ಸಡಿಲವಿರಬೇಕೆಂದು ಕೇಳುತ್ತಿದ್ದಳು.