ಹೊಳೆಗೆ ಬಾವುಟವಿಲ್ಲ

‘ಗಂಗಾ ಸ್ನಾನ, ತುಂಗಾ ಪಾನ’ ಎಂಬ ಮಾತನ್ನು ಮಲೆನಾಡಿನಲ್ಲಿ ಕೇಳದವರಿಲ್ಲ. ಮೀಯಲು ಗಂಗೆ, ಕುಡಿಯಲು ತುಂಗೆ ಎಂಬುದು ಅದರ ಅರ್ಥ. ನೀರಿನ ರುಚಿಯನ್ನು ಹೊಗಳುವ ಈ ಮಾತು ಇಂದು ಎಚ್ಚರಿಕೆಯಂತೆಯೂ ಕೇಳಿಸುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಈ ಸೀಮೆಗೆ ಬರುವ ಪ್ರವಾಸಿಗರಲ್ಲಿ ಹಲವರು ಹೊಳೆ ಕಂಡೊಡನೆ ನೀರಿಗಿಳಿಯುತ್ತಾರೆ. ಇಳಿದವರೆಲ್ಲರೂ ಮೇಲೆ ಬರುವುದಿಲ್ಲ.

ನೀರಾಟ ಕನ್ನಡ ನಾಡಿಗೆ ಹೊಸತೇನೂ ಅಲ್ಲ. ಮಹಾಕಾವ್ಯದಲ್ಲಿ ಇರಲೇಬೇಕೆಂದು ಹೇಳುವ ಹದಿನೆಂಟು ವರ್ಣನೆಗಳಲ್ಲಿ ಜಲಕ್ರೀಡೆಯೂ ಒಂದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೂ ಅರಸನ ಕ್ರೀಡೆಗಳ ಸಾಲಿನಲ್ಲಿ ನೀರಾಟಕ್ಕೆ ಜಾಗ ಕೊಟ್ಟಿದೆ.

ಆದರೆ ಮಲೆನಾಡಿನ ಹುಡುಗರು ಈಜು ಕಲಿತದ್ದು ಗ್ರಂಥದಿಂದಲ್ಲ. ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು, ಇಲ್ಲವೇ ಬಾಳೆದಿಂಡನ್ನು ತಬ್ಬಿಕೊಂಡು, ದಡದಲ್ಲಿ ಹಿರಿಯರೊಬ್ಬರನ್ನು ಕೂರಿಸಿಕೊಂಡು ಕಲಿತರು. ಎಲ್ಲಿ ಮಡು, ಎಲ್ಲಿ ಸುಳಿ, ಯಾವ ಬಂಡೆಗೆ ಪಾಚಿ ಹಿಡಿದಿದೆ ಎಂಬುದು ಆ ಹಿರಿಯರಿಗೆ ಗೊತ್ತಿತ್ತು. ಇಲ್ಲಿ ಬಿಸಿಲಿದ್ದರೂ ಘಟ್ಟದ ಮೇಲೆ ಮಳೆ ಸುರಿದರೆ ಹೊಳೆ ಏರುತ್ತದೆ ಎಂಬುದೂ ಗೊತ್ತಿತ್ತು. ನೀರು ಕೆಂಪಾಗಿ ಕಸಕಡ್ಡಿ ತೇಲಿಬಂದರೆ ಮಕ್ಕಳನ್ನು ಮೇಲೆ ಕರೆಯುತ್ತಿದ್ದರು. ಮಳೆಗಾಲದಲ್ಲಿ ಶೃಂಗೇರಿಯ ಗಾಂಧಿ ಮೈದಾನಕ್ಕೇ ನುಗ್ಗುವ ತುಂಗೆ ಇದು.

ನರಸಿಂಹರಾಜಪುರದ ಕಡೆ ನೀರಿನ ಗುಣವೇ ಬೇರೆ. ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು ಕಟ್ಟಿದ ಮೇಲೆ ಹಳೆಯ ಗದ್ದೆ, ಕಾಡುಗಳು ಹಿನ್ನೀರಿನಡಿ ಸೇರಿದವು. ಮೇಲೆ ಕಾಣುವುದು ಶಾಂತವಾದ ನೀರು. ಅಡಿಯಲ್ಲಿ ಕೆಸರು, ಮರದ ಬೊಡ್ಡೆ, ಒಮ್ಮೆಲೇ ಆಳವಾಗುವ ಇಳಿಜಾರು.

ಕಡಲಲ್ಲಿ ಈಜಿದವರು ಹೊಳೆಯಲ್ಲೂ ಈಜಬಹುದಲ್ಲವೇ ಎಂದು ಕೇಳುವವರುಂಟು. ಉಪ್ಪುನೀರು ಮೈಯನ್ನು ಹೆಚ್ಚು ತೇಲಿಸುತ್ತದೆ. ಸಾಮಾನ್ಯ ಸಾಗರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದ್ದರೆ, ಮೆಡಿಟರೇನಿಯನ್ ಸಮುದ್ರದಲ್ಲಿ ಅದು 38 ಗ್ರಾಂ ಆಸುಪಾಸು. ಹೊಳೆಯ ಸಿಹಿನೀರಿನಲ್ಲಿ ಆ ಆಸರೆ ಇಲ್ಲ. ಹಾಗೆಯೇ ಹೊಳೆಯ ಈಜುಗಾರನಿಗೆ ಕಡಲೂ ಹೊಸದೇ. ದಡದಿಂದ ಒಳಕ್ಕೆಳೆಯುವ ಸೆಳೆತಕ್ಕೆ ಎದುರಾಗಿ ಈಜಿದರೆ ಸುಸ್ತೇ ಗತಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬರಬೇಕು. 2024ರ ಡಿಸೆಂಬರ್‌ನಲ್ಲಿ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ವಸತಿಶಾಲೆಯ ನಾಲ್ವರು ವಿದ್ಯಾರ್ಥಿನಿಯರನ್ನು ಮುರ್ಡೇಶ್ವರದ ಕಡಲು ನುಂಗಿತು.

ಮೆಡಿಟರೇನಿಯನ್ ತೀರದ ಊರುಗಳು ಕಡಲಿನ ಸ್ಥಿತಿಯನ್ನು ಬಾವುಟದಿಂದ ತಿಳಿಸುತ್ತವೆ. ಕೆಂಪು ಹಾರಿದರೆ ನೀರಿಗಿಳಿಯುವಂತಿಲ್ಲ. ಶುಚಿಯಾದ, ಜೀವರಕ್ಷಕರಿರುವ ಕಡಲತೀರಗಳನ್ನು ಗುರುತಿಸುವ ‘ನೀಲಿ ಬಾವುಟ’ದ ಪದ್ಧತಿ 1985ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿತು. 2020ರಲ್ಲಿ ನಮ್ಮ ಪಡುಬಿದ್ರಿ ಮತ್ತು ಹೊನ್ನಾವರ ಬಳಿಯ ಕಾಸರಕೋಡಿಗೂ ಆ ಮನ್ನಣೆ ದೊರೆಯಿತು.

ಹೊಳೆಗೆ ಅಂಥ ಬಾವುಟವಿಲ್ಲ. ದಡದಲ್ಲಿ ಕೂತಿದ್ದ ಹಿರಿಯರ ಮಾತೇ ಇಲ್ಲಿ ಬಾವುಟವಾಗಿತ್ತು. ಆ ತಿಳಿವಳಿಕೆ ಊರಿನ ಹಳಬರಲ್ಲಿ ಇನ್ನೂ ಉಳಿದಿದೆ. ಅಪಾಯದ ಮಡುಗಳನ್ನು ಅವರಿಂದ ಕೇಳಿ, ದಡದಲ್ಲಿ ಫಲಕವಾಗಿ ಬರೆಸಿದರೆ ಬಂದವರಿಗೂ ದಾರಿ ತಿಳಿದೀತು. ಅಲ್ಲಿಯವರೆಗೆ, ನೀರಿಗೆ ಕಾಲಿಡುವ ಮುನ್ನ ಊರವರನ್ನು ಒಂದು ಮಾತು ಕೇಳುವುದೇ ಲೇಸು.