ಪಾಠ ಮಾಡಿದವರೇ ಪ್ರಶ್ನೆಪತ್ರಿಕೆ ತೆಗೆದರೆ?

ಎಂ.ಎಸ್ ಮಾಡೋಕೆ ಅಮೆರಿಕಕ್ಕೆ ಹೋದ ಗೆಳೆಯರೆಲ್ಲ ಮೊದಲ ಸೆಮಿಸ್ಟರಿನಲ್ಲೇ ಬೆರಗಾಗಿ ಹೇಳುವ ಮಾತೊಂದಿದೆ. ಅಲ್ಲಿ ಪಾಠ ಮಾಡುವ ಪ್ರೊಫೆಸರೇ ಸಿಲಬಸ್ ಮಾಡ್ತಾರೆ, ಅವರೇ ಪೇಪರ್ ತೆಗೀತಾರೆ, ಅವರೇ ಗ್ರೇಡ್ ಕೊಡ್ತಾರೆ ಅಂತ. ಇದು ನಮಗೆ ಯಾಕೆ ವಿಚಿತ್ರ ಅನ್ನಿಸುತ್ತೆ? ಉತ್ತರ ಇಂಗ್ಲೆಂಡಿನಲ್ಲಿದೆ.

1830ರ ದಶಕದವರೆಗೂ ಇಡೀ ಇಂಗ್ಲೆಂಡಿಗೆ ಇದ್ದದ್ದು ಆಕ್ಸ್‌ಫರ್ಡ್, ಕೇಂಬ್ರಿಜ್ ಎರಡೇ ವಿಶ್ವವಿದ್ಯಾಲಯ. ಹುಡುಗರು ಇದ್ದು ಓದುತ್ತಿದ್ದದ್ದು ಕಾಲೇಜಿನಲ್ಲಿ, ಪದವಿ ಕೊಡುತ್ತಿದ್ದದ್ದು ವಿಶ್ವವಿದ್ಯಾಲಯ. 1636ರಲ್ಲಿ ಮ್ಯಾಸಚೂಸೆಟ್ಸಿನ ವಲಸಿಗರು ಹಾರ್ವರ್ಡ್ ಶುರು ಮಾಡಿದಾಗ ಅವರ ಕಣ್ಣಮುಂದೆ ಇದ್ದದ್ದು ಕೇಂಬ್ರಿಜ್ಜೇ. ಊರಿಗೂ ಅದೇ ಹೆಸರಿಟ್ಟರು. ಆದರೆ ಅಲ್ಲಿ ಇದ್ದದ್ದೇ ಒಂದು ಕಾಲೇಜು, ಅದರ ಮೇಲೊಂದು ವಿಶ್ವವಿದ್ಯಾಲಯ ತರೋದು ಎಲ್ಲಿಂದ? 1642ರಲ್ಲಿ 9 ಹುಡುಗರಿಗೆ ಕಾಲೇಜೇ ಪದವಿ ಕೊಟ್ಟುಬಿಟ್ಟಿತು! ಅಲ್ಲಿಂದ ಮುಂದೆ ಅಮೆರಿಕದಲ್ಲಿ ಅದೇ ರೂಢಿ. 1776ರ ಹೊತ್ತಿಗೆ ಪದವಿ ಕೊಡುವ ಕಾಲೇಜುಗಳು 9 ಆಗಿದ್ದವು.

ನ್ಯೂ ಹ್ಯಾಂಪ್‌ಶೈರ್ ಸರ್ಕಾರ ಡಾರ್ಟ್‌ಮತ್ ಕಾಲೇಜನ್ನು ತನ್ನ ಕೈಗೆ ತೆಗೆದುಕೊಳ್ಳೋಕೆ ನೋಡಿತು. 1819ರಲ್ಲಿ ಸುಪ್ರೀಂ ಕೋರ್ಟು, ಕಾಲೇಜಿನ ಸನ್ನದು ಒಂದು ಕರಾರು, ಅದನ್ನು ಸರ್ಕಾರ ಮುರಿಯುವಂತಿಲ್ಲ ಅಂದಿತು. ಮುಂದೆ 1869ರಿಂದ 40 ವರ್ಷ ಹಾರ್ವರ್ಡಿನ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಎಲಿಯಟ್ ವಿಷಯಗಳ ಆಯ್ಕೆಯನ್ನೇ ವಿದ್ಯಾರ್ಥಿಗೆ ಬಿಟ್ಟರು. ಒಬ್ಬೊಬ್ಬರೂ ಒಂದೊಂದು ವಿಷಯ ಆರಿಸಿಕೊಂಡರೆ ಎಲ್ಲರಿಗೂ ಒಂದೇ ಪರೀಕ್ಷೆ ಹೇಗೆ ಸಾಧ್ಯ ಹೇಳಿ? ಪಾಠ ಮಾಡಿದವರೇ ಅಳೆಯಬೇಕು.

ಇಂಗ್ಲೆಂಡ್ ಹಿಡಿದ ದಾರಿ ಬೇರೆ. 1836ರಲ್ಲಿ ಹುಟ್ಟಿದ ಲಂಡನ್ ವಿಶ್ವವಿದ್ಯಾಲಯ ಪಾಠವನ್ನೇ ಮಾಡುತ್ತಿರಲಿಲ್ಲ. ಬೇರೆ ಕಾಲೇಜುಗಳಲ್ಲಿ ಓದಿದವರಿಗೆ ಪರೀಕ್ಷೆ ಮಾಡಿ ಪದವಿ ಕೊಡುತ್ತಿತ್ತು, ಅಷ್ಟೇ. 1857ರಲ್ಲಿ ಕಲ್ಕತ್ತಾ, ಬೊಂಬಾಯಿ, ಮದರಾಸಿಗೆ ಬಂದದ್ದು ಇದೇ ಅಚ್ಚು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾಗುವವರೆಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಹುಡುಗರು ಬರೆಯುತ್ತಿದ್ದದ್ದು ಮದರಾಸಿನ ಪರೀಕ್ಷೆ.

ಹಾಗಂತ ಲಂಡನ್ ಪದ್ಧತಿಯನ್ನು ಪೂರ್ತಿ ಬೈಯೋಕಾಗಲ್ಲ. ಇಂಗ್ಲೆಂಡಿನ ಚರ್ಚಿಗೆ ಸೇರದವರಿಗೆ 1850ರ ದಶಕದವರೆಗೆ ಆಕ್ಸ್‌ಫರ್ಡ್, ಕೇಂಬ್ರಿಜ್ ಪದವಿ ಸಿಗುತ್ತಿರಲಿಲ್ಲ. ಲಂಡನ್ ಧರ್ಮ ಕೇಳಲಿಲ್ಲ, 1878ರಿಂದ ಹೆಂಗಸರಿಗೂ ಪದವಿ ಕೊಟ್ಟಿತು. ನಿಮ್ಮ ಪೇಪರ್ ತಿದ್ದುವವನಿಗೆ ನೀವು ಯಾರ ಮಗ ಅಂತ ಗೊತ್ತಿರಲ್ಲ ಅನ್ನೋದು ಸಣ್ಣ ಮಾತೇನಲ್ಲ. ಪಾಠ ಮಾಡಿದವರನ್ನು ನಂಬುವುದೋ, ಪರಿಚಯವಿಲ್ಲದವರನ್ನು ನಂಬುವುದೋ, ಎರಡು ದೇಶಗಳ ವ್ಯತ್ಯಾಸ ನನಗೆ ಕಾಣೋದು ಇಲ್ಲಿ.

ಆದರೆ ಪರಿಚಯವಿಲ್ಲದವರು ಪೇಪರ್ ತೆಗೆದರೆ ಮೇಷ್ಟ್ರ ಕೈ ಕಟ್ಟಿದ ಹಾಗೆ. ತರಗತಿಯಲ್ಲಿ ಯಾರಾದರೂ ಒಳ್ಳೆಯ ಪ್ರಶ್ನೆ ಕೇಳಿದಾಗ "ಇದು ಎಕ್ಸಾಮಿಗೆ ಬರಲ್ಲ ಬಿಡಪ್ಪಾ" ಅನ್ನೋ ಉತ್ತರ ನೀವೂ ಕೇಳಿರ್ತೀರಿ. ಅದರಲ್ಲಿ ಮೇಷ್ಟ್ರ ತಪ್ಪಿಗಿಂತ 1836ರ ಪಾಲೇ ಜಾಸ್ತಿ. ತಮಾಷೆ ಅಂದ್ರೆ, ಲಂಡನ್ ವಿಶ್ವವಿದ್ಯಾಲಯವೇ 1900ರಲ್ಲಿ ಪಾಠ ಮಾಡುವ ವಿಶ್ವವಿದ್ಯಾಲಯವಾಗಿ ಬದಲಾಯಿತು. ನಮ್ಮ ಬಹುಪಾಲು ಕಾಲೇಜುಗಳು ಮಾತ್ರ ಇನ್ನೂ ಆ ಹಳೇ ಅಚ್ಚಿನಲ್ಲೇ ಇವೆ :-)