ಶಸ್ತ್ರಚಿಕಿತ್ಸೆಗೆ ಮುನ್ನ ಮಕ್ಕಳ ಪೋಷಣೆ

ಶಸ್ತ್ರಚಿಕಿತ್ಸೆಯ ಪೆಟ್ಟನ್ನು ತಾಳಲು, ಗಾಯ ಚೆನ್ನಾಗಿ ಮಾಯಲು ಮಗುವಿನ ದೇಹವನ್ನು ಆಹಾರದಿಂದ ಮುಂಚಿತವಾಗಿ ಅಣಿಗೊಳಿಸುವ ಕ್ರಮ. ಮಕ್ಕಳಲ್ಲಿ ಕೊಬ್ಬು, ಸ್ನಾಯುಗಳ ದಾಸ್ತಾನು ಕಡಿಮೆ, ಬೆಳವಣಿಗೆಯ ಬೇಡಿಕೆ ಹೆಚ್ಚು. ಸೊರಗಿದ ಮಗುವಿಗೆ ಸೋಂಕು ತಗಲುವ, ಹೊಲಿಗೆ ಬಿಚ್ಚಿಕೊಳ್ಳುವ ಅಪಾಯ ಜಾಸ್ತಿ.

ಸೀಳುತುಟಿ ಇದಕ್ಕೆ ಒಳ್ಳೆಯ ನಿದರ್ಶನ. ತುಟಿ ಹೊಲಿಯಲು ಬಹುಕಾಲದಿಂದ ಬಳಕೆಯಲ್ಲಿರುವುದು ‘ಹತ್ತರ ನಿಯಮ’: ವಯಸ್ಸು 10 ವಾರ, ತೂಕ 10 ಪೌಂಡ್ (ಸುಮಾರು 4.5 ಕಿಲೋ), ಹಿಮೋಗ್ಲೋಬಿನ್ ಡೆಸಿಲೀಟರಿಗೆ 10 ಗ್ರಾಂ. ಅರಿವಳಿಕೆ ಸುಧಾರಿಸಿರುವ ಇಂದು ಇದು ಕಟ್ಟುನಿಟ್ಟಿನ ಕಟ್ಟಳೆಯಲ್ಲ. ಅಂಗುಳವೂ ಸೀಳಿದ್ದರೆ ತೂಕ ಏರಿಸುವುದೇ ಕಷ್ಟ. ಮಗುವಿಗೆ ಹೀರುವ ಬಲ ಸಾಲದು; ಹಾಲು ಮೂಗಿನಿಂದ ಬರುತ್ತದೆ; ಮಗು ಗಾಳಿ ನುಂಗಿ, ದಣಿದು, ಅರೆಹೊಟ್ಟೆಯಲ್ಲೇ ನಿದ್ದೆ ಹೋಗುತ್ತದೆ. ತಾಯಿಹಾಲನ್ನು ಹಿಂಡಿ, ಮಗುವಿನ ತಲೆಯನ್ನು ಎತ್ತರಿಸಿ ಹಿಡಿದು, ಒಳಲೆ ಅಥವಾ ಚಮಚದಲ್ಲಿ ಕುಡಿಸಿ, ನಡುನಡುವೆ ತೇಗಿಸಬೇಕು. ನಮ್ಮ ಮನೆಗಳ ಹಳೆಯ ಒಳಲೆ ಈ ಕೆಲಸಕ್ಕೆ ದುಬಾರಿ ಬಾಟಲಿಗಿಂತ ಕೀಳಲ್ಲ, ತೊಳೆಯುವುದೂ ಸುಲಭ.

ರಕ್ತಹೀನತೆಗೆ ಕಬ್ಬಿಣಾಂಶದ ಹನಿಗಳನ್ನು ವಾರಗಳ ಮುಂಚೆಯೇ ಆರಂಭಿಸುತ್ತಾರೆ. ಹುಟ್ಟು ಹೃದ್ರೋಗದ ಶಿಶುವಿಗೆ ಹೆಚ್ಚು ಕ್ಯಾಲೊರಿಯ ಹಾಲನ್ನು ಸ್ವಲ್ಪಸ್ವಲ್ಪವಾಗಿ ಕೊಡುವುದುಂಟು. ತೀವ್ರ ಅಪೌಷ್ಟಿಕತೆಯಲ್ಲಿ ಒಮ್ಮೆಲೇ ಉಣಿಸಿದರೆ ರಕ್ತದ ಫಾಸ್ಫೇಟ್ ಕುಸಿದು ಜೀವಕ್ಕೇ ಕುತ್ತಾದೀತು. ಪೋಷಣೆಯ ಮಟ್ಟ ಅಳೆಯಲು ರಕ್ತದ ಆಲ್ಬುಮಿನ್ ಪರೀಕ್ಷೆಯೊಂದನ್ನೇ ನೆಚ್ಚುವುದು ಸರಿಯಲ್ಲ. ಉರಿಯೂತದಲ್ಲೂ ಅದು ಇಳಿಯುತ್ತದೆ.

ಕೊನೆಯ ಘಟ್ಟ ಉಪವಾಸ. ರೂಢಿಯ ಪ್ರಕಾರ ಘನಾಹಾರಕ್ಕೆ 6, ತಾಯಿಹಾಲಿಗೆ 4, ತಿಳಿನೀರಿಗೆ 2 ಗಂಟೆ ಬಿಡುವು. 2022ರ ಯುರೋಪಿನ ಮಾರ್ಗಸೂಚಿ ಕೊನೆಯೆರಡನ್ನು 3 ಮತ್ತು 1ಕ್ಕೆ ಇಳಿಸಿದೆ. ‘ರಾತ್ರಿಯಿಂದ ಏನೂ ಕೊಡಬೇಡಿ’ ಎಂದರೆ ಪೋಷಕರು ಅರಿವಳಿಕೆ ವೈದ್ಯರನ್ನು ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಳ್ಳಬೇಕು.